ಬಿಸಿಲಿನಿಂದ ನಡೆಯುವ ಮನೆ

ಮನೆ ಕಟ್ಟುವುದರಲ್ಲಿಯೂ ಪಂದ್ಯವುಂಟೇ ಎಂದು ನಮ್ಮ ವಿದ್ಯಾರ್ಥಿನಿಯರು ಕೇಳಬಹುದು. ಉಂಟು. ಅಮೆರಿಕ ಸರ್ಕಾರದ ಇಂಧನ ಇಲಾಖೆಯವರು 2002ರಲ್ಲಿ ವಾಷಿಂಗ್ಟನ್ ನಗರದ ಬಯಲಿನಲ್ಲಿ ‘ಸೋಲಾರ್ ಡೆಕಾತ್ಲಾನ್’ ಎಂಬ ಹತ್ತು ಅಂಗಗಳ ಪಂದ್ಯವನ್ನು ಮೊದಲು ನಡೆಸಿದರು. ಕಾಲೇಜು ವಿದ್ಯಾರ್ಥಿಗಳು ಸೂರ್ಯಶಕ್ತಿಯಿಂದ ನಡೆಯುವ ಮನೆಗಳನ್ನು ತಾವೇ ಯೋಚಿಸಿ ಕಟ್ಟಿ ಅಲ್ಲಿ ನಿಲ್ಲಿಸಿದರು. ಚೆಲುವಿಗೆ ಮಾತ್ರವೇ ಅಂಕಗಳಲ್ಲ; ನೀರು ಕಾಯಿತೇ, ದೀಪ ಉರಿಯಿತೇ ಎಂದು ಅಳೆದು ನೋಡಿದರು. ಮುಂದಿನ ವರ್ಷಗಳಲ್ಲಿ ಬಟ್ಟೆ ಒಗೆಯುವುದಕ್ಕೂ, ನೆರೆಯ ತಂಡದವರಿಗೆ ಅಡುಗೆ ಮಾಡಿ ಬಡಿಸುವುದಕ್ಕೂ ಅಂಕಗಳಿದ್ದುವು. ಅಡುಗೆಮನೆಯನ್ನು ಕಡೆಯಲ್ಲಿ ನೆನೆಯುವ ಗೃಹಶಿಲ್ಪಿಗಳನ್ನು ನಾವು ಕಂಡಿರುವುದರಿಂದ ಈ ನಿಯಮವು ನಮಗೆ ವಿಶೇಷವಾಗಿ ಮೆಚ್ಚಿಗೆಯಾಯಿತು.

2014ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ನಡೆದ ಪಂದ್ಯಕ್ಕೆ ಬೊಂಬಾಯಿಯ ಐ.ಐ.ಟಿ. ವಿದ್ಯಾರ್ಥಿಗಳ ‘ಶೂನ್ಯ’ ತಂಡವು ಮನೆಯೊಂದನ್ನು ಕೊಂಡೊಯ್ದಿತು. 2020ರಲ್ಲಿ ‘ಸೋಲಾರ್ ಡೆಕಾತ್ಲಾನ್ ಇಂಡಿಯಾ’ ಆರಂಭವಾಯಿತು. ಇದನ್ನು ನಡೆಸಿದವರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್ ಸಂಸ್ಥೆಯೂ ಒಂದು. ಕಟ್ಟಡವು ವರ್ಷದಲ್ಲಿ ಬಳಸುವಷ್ಟು ಶಕ್ತಿಯನ್ನು ತಾನೇ ಉತ್ಪಾದಿಸತಕ್ಕದ್ದೆಂಬುದು ಇಲ್ಲಿಯ ಗುರಿ.

ಈಗ ನಾವು ಬಲ್ಲ ನೆಲಕ್ಕೆ ಬರೋಣ. ಹಂಪೆಯ ಎದುರು ದಡದಲ್ಲಿ, ತುಂಗಭದ್ರೆಯ ನಡುವೆ, ಬಂಡೆಗಳ ಮಗ್ಗುಲಲ್ಲಿರುವ ವಿರೂಪಾಪುರಗಡ್ಡೆಯನ್ನು ಅಭ್ಯಾಸದ ನಿವೇಶನವೆಂದು ಇಟ್ಟುಕೊಳ್ಳೋಣ. ಕಾಗದದ ಮೇಲೆ ಮಾತ್ರ. ಹಂಪೆಯ ಸಂರಕ್ಷಿತ ಪ್ರದೇಶದಲ್ಲಿ ನಿಯಮ ಮೀರಿ ಎದ್ದಿದ್ದ ಅಲ್ಲಿಯ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರಲ್ಲಿ ಕೆಡವಿದುದನ್ನು ನೀವು ಬಲ್ಲಿರಿ.

ವರ್ಸೇಲ್ಸಿನ ಮನೆಯ ನಕ್ಷೆಯನ್ನು ಇಲ್ಲಿಗೆ ಹಾಗೆಯೇ ಇಳಿಸಬಹುದೇ? ಸಲ್ಲದು. ಆ ಊರು ಸುಮಾರು 49 ಅಂಶ ಉತ್ತರ ಅಕ್ಷಾಂಶದಲ್ಲಿದೆ; ಚಳಿಗಾಲದ ಬಿಸಿಲನ್ನು ಒಳಗೆ ಕರೆಯಲು ಅಲ್ಲಿ ದಕ್ಷಿಣಕ್ಕೆ ದೊಡ್ಡ ಗಾಜುಗಳನ್ನು ಇಡುವುದುಂಟು. ಗಡ್ಡೆಯಾದರೋ ಸುಮಾರು 15 ಅಂಶದಲ್ಲಿದೆ. ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ನಡುವಿನ ಸುಮಾರಿಗೆ ಮತ್ತೊಮ್ಮೆ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ಬರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನದಲ್ಲಿ ತುಸು ಉತ್ತರಕ್ಕೇ ಇರುತ್ತಾನೆ. ಆದುದರಿಂದ ಇಲ್ಲಿ ಬಿಸಿಲಿನ ಮುಖ್ಯ ಪೆಟ್ಟು ಮಾಳಿಗೆಗೆ; ಬೆಳಿಗ್ಗೆ ಮೂಡಣ ಗೋಡೆಗೆ, ಸಂಜೆ ಪಡುವಣ ಗೋಡೆಗೆ. ದಪ್ಪ ಕಲ್ಲಿನ ಗೋಡೆಯು ಹಗಲಿನ ಕಾವನ್ನು ನುಂಗಿಕೊಂಡು ರಾತ್ರಿ ಹೊರಗೆ ಬಿಡುತ್ತದೆ. ಬೇಸಗೆಯಲ್ಲಿ ಮನೆಯವರೆಲ್ಲರೂ ಮಾಳಿಗೆಯ ಮೇಲೆ ಮಲಗುವುದು ಇದಕ್ಕಾಗಿಯೇ. ಆದರೆ ಪುಸ್ತಕ ಹಿಡಿದ ಹುಡುಗಿಗೆ ಒಳಗೆ ಕುಳಿತಲ್ಲದೆ ಗತಿಯಿಲ್ಲ.

ಆದಕಾರಣ ಸೌರ ಫಲಕಗಳನ್ನು ಮಾಳಿಗೆಗೆ ಅಂಟಿಸದೆ ಕಾಲುಗಳ ಮೇಲೆ ಎತ್ತರಿಸಿ, ಕೆಳಗೆ ಗಾಳಿಯಾಡಲು ಬಿಡತಕ್ಕದ್ದು. ಆಗ ಅವು ವಿದ್ಯುತ್ತನ್ನೂ ಕೊಡುವುವು, ನೆರಳನ್ನೂ ಕೊಡುವುವು. ಪಡುವಣಕ್ಕೆ ಕಿಟಕಿ ಚಿಕ್ಕದಿರಲಿ. ರಾತ್ರಿಯ ಗಾಳಿಗೆ ಎದುರುಬದುರು ಕಿಂಡಿಗಳಿರಲಿ.

ಶಕ್ತಿಯನ್ನು ಗಳಿಸುವ ಮೊದಲು ಉಳಿಸುವುದನ್ನು ಲೆಕ್ಕ ಹಾಕಿರಿ. 75 ವ್ಯಾಟಿನ ಹಳೆಯ ಫ್ಯಾನು ಹತ್ತು ಗಂಟೆಯಲ್ಲಿ ಮುಕ್ಕಾಲು ಯೂನಿಟ್ ತಿನ್ನುತ್ತದೆ. 30 ವ್ಯಾಟಿನ ಹೊಸ ಬಗೆಯದು 0.3 ಯೂನಿಟ್. ಅಷ್ಟರಮಟ್ಟಿಗೆ ಫಲಕದ ಖರ್ಚೂ ಕಡಿಮೆಯಾಗುವುದು.

ಅಭ್ಯಾಸ: ಬೇಸಗೆಯ ರಜೆಯಲ್ಲಿ ನೀವು ಓದುವ ಕೋಣೆಯೊಳಗಿನ ಉಷ್ಣತೆಯನ್ನು ಮಧ್ಯಾಹ್ನ ಎರಡು ಗಂಟೆಗೂ ರಾತ್ರಿ ಒಂಬತ್ತಕ್ಕೂ ಒಂದು ವಾರ ಗುರುತು ಹಾಕಿ ತರತಕ್ಕದ್ದು. ಮೇಲೆ ತಗಡೋ, ಹೆಂಚೋ, ಮಣ್ಣಿನ ಮಾಳಿಗೆಯೋ ಎಂಬುದನ್ನು ಬರೆಯಲು ಮರೆಯಬಾರದು.