ಅರಮನೆಯ ಅಂಗಳದಲ್ಲಿ ಸಂಜೆಯ ಸಂಗೀತ

ವಿದ್ಯಾರ್ಥಿಗಳೇ, ನವರಾತ್ರಿ ಬಂದಿತೆಂದರೆ ನಮ್ಮ ಇಂದಾಪುರದ ಮನೆಮನೆಗಳಲ್ಲಿ ಘಟಸ್ಥಾಪನೆಯಾಗುತ್ತದೆ. ವಿಜಯದಶಮಿಯಂದು ಇಲ್ಲಿಯವರು ಆಪಟೆಯ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ನಿಮ್ಮ ಅಜ್ಜ-ಅಜ್ಜಿಯರ ಊರುಗಳಲ್ಲಿ ಬನ್ನಿಯ ಎಲೆ ಆ ಬಂಗಾರ. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಹೊತ್ತು ಮುಳುಗುತ್ತಲೇ ಅರಮನೆಯ ಸುಮಾರು 97,000 ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಅದರ ಮುಂದಣ ವೇದಿಕೆಯಲ್ಲಿ ಸಂಗೀತ, ನೃತ್ಯಗಳು ನಡೆಯುತ್ತವೆ. ಆ ಸಂಜೆಗಳ ಹಿಂದಿನ ಕಥೆಯನ್ನು ತಿಳಿಯುವುದು ಈ ಪಾಠದ ಉದ್ದೇಶ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಈಗ ಕಾಣುವ ಅರಮನೆಯಾದರೋ ಅಷ್ಟು ಹಳೆಯದಲ್ಲ. ಹಿಂದಿನ ಮರದ ಅರಮನೆಯು 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿದ ಹೊಸ ಅರಮನೆ 1912ರಲ್ಲಿ ಪೂರ್ಣವಾಯಿತು. ಅಷ್ಟರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟತೊಡಗಿ ಹತ್ತು ವರ್ಷಗಳಾಗಿದ್ದುವು. ಆ ವಿದ್ಯುತ್ತು 1902ರಲ್ಲಿ ಮೊದಲು ಹೋದುದು ಕೋಲಾರದ ಚಿನ್ನದ ಗಣಿಗೆ. ಊರ ಬೀದಿಗಳಿಗೆ ಬಂದುದು ಆ ಮೇಲೆ.

ಅರಮನೆಯ ನಿಜವಾದ ಶೋಭೆ ದೀಪಗಳಲ್ಲ, ವಿದ್ವಾಂಸರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರು ಆಸ್ಥಾನದಲ್ಲಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದೂಸ್ತಾನಿ ಸಂಗೀತಕ್ಕೂ ಬಾಗಿಲು ತೆರೆದಿಟ್ಟರು. 1902ರಲ್ಲೇ ಗ್ರಾಮಫೋನಿಗೆ ಹಾಡಿ ದೇಶವೆಲ್ಲ ಹೆಸರಾದ ಗೌಹರ್ ಜಾನ್ ಕೊನೆಗಾಲದಲ್ಲಿ ಆಸರೆ ಪಡೆದುದು ಈ ಅರಮನೆಯಲ್ಲಿ. 1930ರಲ್ಲಿ ಮೈಸೂರಿನಲ್ಲಿಯೇ ಆಕೆ ತೀರಿಕೊಂಡಳು. ಖಾನ್ ಸಾಹೇಬ ಅಬ್ದುಲ್ ಕರೀಂ ಖಾನರೂ ಮೈಸೂರಿಗೆ ಬರುತ್ತಿದ್ದರು. ಆ ಪ್ರಯಾಣಗಳ ನಡುವೆ ಧಾರವಾಡದ ಕಡೆ ತಂಗುತ್ತಿದ್ದುದರಿಂದ ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿದರು. ಒಂದು ಆಸ್ಥಾನದ ಕರೆಯೋಲೆಯಿಂದ ನಡುದಾರಿಯ ಊರಿಗೆ ಇಷ್ಟು ಲಾಭ!

ಆದರೆ ಅರಸೊತ್ತಿಗೆ ಮುಗಿದರೆ ಗಾಯಕನ ಅನ್ನದ ಗತಿಯೇನು? ಈ ಪ್ರಶ್ನೆ ದೂರದ ವಿಯೆಟ್ನಾಮಿನಲ್ಲಿಯೂ ಎದ್ದಿತು. ಅಲ್ಲಿಯ ಹುಯೆ ನಗರದಲ್ಲಿ ನ್ಗುಯೆನ್ ವಂಶದವರು 1802ರಿಂದ 1945ರವರೆಗೆ ಆಳಿದರು. ಅವರ ಆಸ್ಥಾನ ಸಂಗೀತಕ್ಕೆ ‘ನ್ಯಾ ನ್ಯಾಕ್’ ಎಂದು ಹೆಸರು. ದೊರೆ ಪಟ್ಟವನ್ನಿಳಿದ ಮೇಲೆ ವಾದ್ಯಗಾರರಿಗೆ ಕೆಲಸವಿಲ್ಲದಾಯಿತು. 1968ರ ಯುದ್ಧದಲ್ಲಿ ಅರಮನೆಯ ಬಹುಭಾಗವೂ ನೆಲಸಮವಾಯಿತು. ಉಳಿದ ಕೆಲವೇ ಮುದುಕರಿಂದ ಹುಡುಗರು ಪುನಃ ಕಲಿಯಬೇಕಾಯಿತು. 2003ರಲ್ಲಿ ಯುನೆಸ್ಕೋ ಆ ಕಲೆಯನ್ನು ಮನುಕುಲದ ಆಸ್ತಿಯೆಂದು ಗೌರವಿಸಿತು. 2000ದಿಂದ ಆ ನಗರದಲ್ಲಿ ದೊಡ್ಡ ಕಲೋತ್ಸವ ನಡೆಯುತ್ತಿದ್ದು, ಅರಮನೆಯ ಪ್ರಾಕಾರವೂ ಅದಕ್ಕೆ ರಂಗಭೂಮಿಯಾಗಿದೆ.

ಮೈಸೂರಿಗೆ ಅಂತಹ ವಿಪತ್ತು ಬರಲಿಲ್ಲ. 1971ರಲ್ಲಿ ರಾಜಧನ ರದ್ದಾದ ತರುವಾಯ ದಸರೆಯ ಹೊಣೆಯನ್ನು ಸರ್ಕಾರವೇ ಹೊತ್ತಿತು. ಚಿನ್ನದ ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ವಿಗ್ರಹ ಕುಳಿತಿತು. ಹಿಂದೆ ಆಹ್ವಾನಿತರಷ್ಟೇ ಕೇಳುತ್ತಿದ್ದ ಸಂಗೀತವನ್ನು ಈಗ ಕೂಲಿಯವನೂ ಅರಮನೆಯ ಅಂಗಳದಲ್ಲಿ ಕುಳಿತು ಕೇಳಬಲ್ಲನು. ಇದು ಸಣ್ಣ ಮಾತಲ್ಲ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು: ದೀಪ ಹೊತ್ತಿದೊಡನೆ ಚಿತ್ರ ತೆಗೆದುಕೊಂಡು, ಆಲಾಪನೆ ಮುಗಿಯುವ ಮೊದಲೇ ಎದ್ದು ಹೋಗುವವರು ಬಹಳ. ದರ್ಬಾರಿನಲ್ಲಿ ಹಾಗೆ ಏಳುವ ಧೈರ್ಯ ಯಾರಿಗಿದ್ದೀತು! ಅಂದಿನ ಮೌನ ಭಯದ್ದೋ ರಸಿಕತೆಯದ್ದೋ ಎಂದು ನೀವು ಕೇಳಬಹುದು, ಎರಡೂ ಇದ್ದಿರಬೇಕು.

ಅರಸನ ಹಂಗಿಲ್ಲದ ಸಭೆಯೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷ ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ ಉತ್ಸವವನ್ನು ಆರಂಭಿಸಿದರು. ಅಲ್ಲಿ ಅರಮನೆಯಿಲ್ಲ, ಟಿಕೀಟು ಕೊಂಡ ಜನರೇ ಆಶ್ರಯದಾತರು. ಡಿಸೆಂಬರಿನ ಚಳಿಯಲ್ಲಿ ಅವರು ಶಾಲು ಹೊದ್ದು ಗಂಟೆಗಟ್ಟಲೆ ಕುಳಿತಿರುತ್ತಾರೆ. ಇಂದಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಹೊರಟರೆ ಮೂರು-ನಾಲ್ಕು ಗಂಟೆಯ ದಾರಿ.