ಹಳೆಯ ಕಾರಿನ ದೀಪಗಳು ಮಂಕಾದಾಗ

ಹೆಡ್‌ಲೈಟ್ ಹಾಕಿದೊಡನೆ ಅದೇ ಬದಿಯ ಪಾರ್ಕಿಂಗ್ ದೀಪವೂ ಮಂಕಾಗುತ್ತದೆ ಎಂಬ ಓದುಗರೊಬ್ಬರ ವಿವರಣೆಯನ್ನು ಗಮನಿಸಿದರೆ, ದೋಷವಿರುವುದು ಬಲ್ಬಿನಲ್ಲಲ್ಲ, ಬಹುಪಾಲು ಅರ್ಥಿಂಗ್‌ನಲ್ಲಿ, ಅಂದರೆ ವಿದ್ಯುತ್ತು ವಾಹನದ ಲೋಹದ ಒಡಲಿನ ಮೂಲಕ ಬ್ಯಾಟರಿಯ ಋಣ ತುದಿಗೆ ಮರಳುವ ಜೋಡಣೆಯಲ್ಲಿ. ಎರಡೂ ದೀಪಗಳಿಗೆ ಒಂದೇ ಅರ್ಥಿಂಗ್ ತಂತಿಯಿದ್ದು ಅದರ ತಿರುಪಿನಡಿ ತುಕ್ಕು ಹಿಡಿದಿದ್ದರೆ, 55 ವ್ಯಾಟಿನ ಹ್ಯಾಲೊಜೆನ್ ಬಲ್ಬು ಎಳೆಯುವ ಸುಮಾರು 4.5 ಆಂಪಿಯರ್ ವಿದ್ಯುತ್ತಿಗೆ ಅಲ್ಲಿ ತಡೆಯುಂಟಾಗಿ, 5 ವ್ಯಾಟಿನ ಪಾರ್ಕಿಂಗ್ ಬಲ್ಬಿಗೆ ಸಿಗಬೇಕಾದ ವೋಲ್ಟೇಜ್ ಕೂಡ ಕುಸಿಯುತ್ತದೆ. ವೋಲ್ಟೇಜ್ ಶೇ 10ರಷ್ಟು ತಗ್ಗಿದರೆ ಬೆಳಕು ಸುಮಾರು ಶೇ 30ರಷ್ಟು ತಗ್ಗುತ್ತದೆಂಬುದು ಹಲವರಿಗೆ ತಿಳಿದಿರುವುದಿಲ್ಲ.

ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ತುದಿಯನ್ನು ಬಲ್ಬಿನ ಅರ್ಥಿಂಗ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ತಾಗಿಸಿದಾಗ ಕಾಣುವ ಅಂಕಿ 0.2 ವೋಲ್ಟನ್ನು ಮೀರಿದರೆ, ತಿರುಪು ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಸವರಬೇಕು. ಅರ್ಥಿಂಗ್ ಸರಿಯಿದ್ದೂ ಬೆಳಕು ಮಂಕಾಗಿದ್ದರೆ ಸ್ವಿಚ್ಚನ್ನು ಶಂಕಿಸಬೇಕು. ಹಳೆಯ ಅನೇಕ ವಾಹನಗಳಲ್ಲಿ ಹೆಡ್‌ಲೈಟಿನ ಪೂರ್ತಿ ವಿದ್ಯುತ್ತು ಸ್ವಿಚ್ಚಿನ ಮೂಲಕವೇ ಹರಿಯುವುದರಿಂದ ಅದರ ಸಂಪರ್ಕಬಿಂದುಗಳು ಸುಟ್ಟು ಕಪ್ಪಾಗಿರುತ್ತವೆ. ಆಗ ರಿಲೇ, ಅಂದರೆ ಸ್ವಿಚ್ಚಿನ ಅಲ್ಪ ವಿದ್ಯುತ್ತಿನಿಂದಲೇ ಬ್ಯಾಟರಿಯ ದೊಡ್ಡ ಪ್ರವಾಹವನ್ನು ನೇರವಾಗಿ ದೀಪಕ್ಕೆ ಹರಿಸುವ ಸಾಧನವನ್ನು, ಫ್ಯೂಸ್ ಸಹಿತ ಅಳವಡಿಸುವುದೇ ಸರಿಯಾದ ಪರಿಹಾರ. ಅಂಗಡಿಯವರು ಸೂಚಿಸುವ 100 ವ್ಯಾಟಿನ ಬಲ್ಬನ್ನು ಹಳೆಯ ತಂತಿಗೆ ಜೋಡಿಸಿದರೆ ಹೋಲ್ಡರ್ ಕರಗುವ ಅಪಾಯವಿದೆ.