ವಿವರಣೆಯಿಂದ ಕಲಿಕೆ: ಬೇಗಂಪೇಟೆಯ ಒಂದು ನಿದರ್ಶನ

ಕಲಿಕೆಯ ಮಾರ್ಗಗಳಲ್ಲಿ ಎರಡು ಮುಖ್ಯವಾದವು. ಅನೇಕ ನಿದರ್ಶನಗಳ ಸಾಮ್ಯವನ್ನು ಕಂಡು ನಿಯಮವನ್ನು ಊಹಿಸುವುದು ಮೊದಲನೆಯದು. ಒಂದೇ ನಿದರ್ಶನವು ಏಕೆ ಹಾಗಿದೆಯೆಂಬುದನ್ನು ಮೊದಲೇ ಇರುವ ಜ್ಞಾನದಿಂದ ವಿವರಿಸಿ, ಆ ವಿವರಣೆಗೆ ಅಗತ್ಯವಾದ ಅಂಶಗಳನ್ನಷ್ಟೇ ಉಳಿಸಿಕೊಂಡು ನಿಯಮವನ್ನು ಪಡೆಯುವುದು ಎರಡನೆಯದು. ಗಣಕವಿಜ್ಞಾನದಲ್ಲಿ ಇದಕ್ಕೆ ವಿವರಣಾಧಾರಿತ ಕಲಿಕೆಯೆಂದು ಹೆಸರು.

ಹೈದರಾಬಾದಿನ ಬೇಗಂಪೇಟೆಯಲ್ಲಿ ನಡೆದ ಶೋಧವೊಂದು ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆಯೆಂಬ ಪ್ಯಾಟ್ರಿಕ್ ಮ್ಯಾನ್ಸನ್ನರ ಊಹೆಯನ್ನು ಹಿಡಿದು ರೊನಾಲ್ಡ್ ರಾಸ್ 1895ರಿಂದ ಬೇರೆ ಜಾತಿಗಳ ಸೊಳ್ಳೆಗಳನ್ನು ಸೀಳಿ ನೋಡಿದ್ದರು, ಫಲ ದೊರೆತಿರಲಿಲ್ಲ. 1897ರ ಆಗಸ್ಟ್ 20ರಂದು, ನಾಲ್ಕು ದಿನಗಳ ಹಿಂದೆ ರೋಗಿಯ ರಕ್ತ ಹೀರಿದ್ದ ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಜಠರಭಿತ್ತಿಯಲ್ಲಿ ಕಪ್ಪು ಕಣಗಳುಳ್ಳ ಕೋಶಗಳು ಕಂಡವು. ಅಂತಹ ಕಣಗಳು ಮಲೇರಿಯಾ ಪರಾವಲಂಬಿಯ ಲಕ್ಷಣವೆಂಬುದು ರಾಸ್‌ಗೆ ತಿಳಿದಿತ್ತು. ಸೊಳ್ಳೆಯ ಸಹಜ ಕೋಶಗಳಲ್ಲಿ ಅವು ಇರುವುದಿಲ್ಲ. ಆದುದರಿಂದ ಪರಾವಲಂಬಿಯೇ ಅಲ್ಲಿ ಬೆಳೆಯುತ್ತಿದೆಯೆಂಬ ವಿವರಣೆ ಸಿದ್ಧವಾಯಿತು. ಮರುದಿನ ಮತ್ತೊಂದು ಸೊಳ್ಳೆಯಲ್ಲಿ ಆ ಕೋಶಗಳು ಇನ್ನಷ್ಟು ದೊಡ್ಡದಾಗಿ ಕಂಡು ಅದನ್ನು ಬಲಪಡಿಸಿದವು. ರೋಗಿ ಯಾರು, ದಿನ ಯಾವುದು ಎಂಬಿವು ನಿಯಮದಿಂದ ಬಿಟ್ಟುಹೋದವು. ಸೊಳ್ಳೆಯ ಜಾತಿ, ಸೋಂಕಿನ ರಕ್ತ, ಕಳೆದ ಕಾಲ ಎಂಬ ಮೂರು ಉಳಿದವು.

ಗಣಕದಲ್ಲಿ ಇದೇ ಕಾರ್ಯವನ್ನು 1986ರಲ್ಲಿ ಟಾಮ್ ಮಿಚೆಲ್ ಮತ್ತು ಸಂಗಡಿಗರು ಸೂತ್ರರೂಪಕ್ಕೆ ತಂದರು. ಅದೇ ವರ್ಷ ಪಾಲ್ ರೋಸೆನ್‌ಬ್ಲೂಮ್ ಮತ್ತು ಜಾನ್ ಲೇರ್ ಅದನ್ನು 'ಸೋರ್' ಎಂಬ ಅರಿವಿನ ಸಂರಚನೆಯೊಡನೆ ಹೋಲಿಸಿ ತೋರಿಸಿದರು. ಅರಿವಿನ ಸಂರಚನೆಯೆಂದರೆ ಸ್ಮೃತಿ, ನಿರ್ಣಯ, ಕಲಿಕೆಗಳಿಗೆಲ್ಲ ಆಧಾರವಾಗುವ ಸ್ಥಿರ ಚೌಕಟ್ಟು. ಸೋರ್‌ನಲ್ಲಿ ಮುಂದಿನ ಹೆಜ್ಜೆ ತೋಚದೆ ತಡೆಯುಂಟಾದಾಗ ಉಪಗುರಿಯೊಂದು ಹುಟ್ಟುತ್ತದೆ. ಅದರ ಪರಿಹಾರಕ್ಕೆ ಕಾರಣವಾದ ಅಂಶಗಳನ್ನು ಹಿನ್ನಡೆಯಲ್ಲಿ ಹುಡುಕಿ ಹೊಸ ನಿಯಮ ಕಟ್ಟಲಾಗುತ್ತದೆ. ಮತ್ತೆ ಅಂತಹುದೇ ಸಂದರ್ಭ ಬಂದರೆ ತಡೆಯೇ ಇರದು. ಹೀಗೆ ವಿವರಣೆಯು ಪ್ರತ್ಯೇಕ ಕೌಶಲವಾಗಿರದೆ, ಸಮಸ್ಯೆ ಬಿಡಿಸುವ ಕ್ರಿಯೆಯ ಸಹಜ ಫಲವಾಗುತ್ತದೆ.

ಆದರೆ ಈ ಕಲಿಕೆಗೆ ಮಿತಿಯೂ ಇದೆ. ಕಟ್ಟಿದ ನಿಯಮಗಳು ಮಿತಿಮೀರಿದರೆ ಅವುಗಳನ್ನು ಹುಡುಕುವುದೇ ಭಾರವಾಗುತ್ತದೆಂದು ಸ್ಟೀವನ್ ಮಿಂಟನ್ 1988ರಲ್ಲಿ ತೋರಿಸಿದರು. ಅದಕ್ಕಿಂತ ಗಂಭೀರವಾದುದು ಆಧಾರ ಸಿದ್ಧಾಂತದ ದೋಷ. ಸತ್ತ ಸೊಳ್ಳೆ ಬಿದ್ದ ನೀರನ್ನು ಕುಡಿಯುವುದರಿಂದ ರೋಗ ಹರಡಬಹುದೆಂದು ಮ್ಯಾನ್ಸನ್ ನಂಬಿದ್ದರು. ಅದನ್ನು ತಿದ್ದಿದ್ದು ತರ್ಕವಲ್ಲ. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮೇಲೆ ರಾಸ್ ನಡೆಸಿದ ಪ್ರಯೋಗ. ಪರಾವಲಂಬಿ ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರಿ ಕಡಿತದಿಂದ ಹರಡುವುದು ಅಲ್ಲಿ ಸಿದ್ಧವಾಯಿತು. ವಿವರಣೆಯು ಅರಿತುದನ್ನು ಹರಿತಗೊಳಿಸಬಲ್ಲುದು. ಅರಿಯದುದನ್ನು ಅರಿಯಲು ಪ್ರತ್ಯಕ್ಷವೇ ಬೇಕು. ಅರಿವಿನ ಸಂರಚನೆಯೊಂದು ಪೂರ್ಣವಾಗಲು ಈ ಎರಡಕ್ಕೂ ಅಲ್ಲಿ ಎಡೆಯಿರಬೇಕು.